ಬಿಸಿಗೆ ಮುದುಡಿದ ಎಳೆಗಳು

ರಾಘವೇಂದ್ರನ ಏಳು ವರ್ಷದ ಸಂಶೋಧನೆ ಮುಗಿಯಲು ಇನ್ನು ಹತ್ತು ಗಂಟೆ ಸಾಕಿತ್ತು. ಆದರೆ ಅವತ್ತೇ ಕೋಲಾರದ ಕಾಲೇಜಿನಲ್ಲಿ ಪರೀಕ್ಷೆ, ಕೊಠಡಿ ಕಾಯಲು ಅವನ ಹೆಸರೇ ಬಿದ್ದಿತ್ತು. ತಾತ್ಕಾಲಿಕ ಲೆಕ್ಚರರ್ ಆದವನು ಆಗುವುದಿಲ್ಲ ಎನ್ನುವ ಹಾಗಿಲ್ಲ. ಮರುದಿನ ಪ್ರಬಂಧ ಒಪ್ಪಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ.

ಅವನು ಹಿಡಿದಿದ್ದ ವಿಷಯ ಪಾಲಿಮರ್ ಎಳೆಗಳದ್ದು. ಬ್ರಷ್ಷಿನಲ್ಲಿರುವಂತೆ ಒಂದು ಫಲಕದ ಮೇಲೆ ಬುಡ ಅಂಟಿಸಿಕೊಂಡು ಒತ್ತಾಗಿ ನಿಂತ ಎಳೆಗಳು. ಸುತ್ತಲಿನ ನೀರು ತಣ್ಣಗಿದ್ದರೆ ನೆಟ್ಟಗೆ ನಿಲ್ಲುತ್ತವೆ, ಬಿಸಿಯಾದರೆ ಮುದುಡಿ ಮಲಗುತ್ತವೆ. ಎಲ್ಲವೂ ಸಮೀಕರಣದಲ್ಲಿ ಮತ್ತು ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ. ನಿಜವಾದ ಒಂದು ಎಳೆಯನ್ನೂ ಅವನು ಮುಟ್ಟಿದವನಲ್ಲ, ಮುಟ್ಟುವ ಆಸೆಯೂ ಇರಲಿಲ್ಲ.

ಕಂಪ್ಯೂಟರು ಗಂಟೆಗೊಮ್ಮೆ ನಿಂತು ಮುಂದಿನ ಉಷ್ಣಾಂಶ ಎಷ್ಟೆಂದು ಕೇಳುತ್ತಿತ್ತು. ಅದು ನಿಂತಾಗಲೆಲ್ಲ ಒಂದೊಂದು ಡಿಗ್ರಿ ಏರಿಸಿ, ಸಂಜೆಗೆ ನಲವತ್ತು ಮುಟ್ಟಿಸಬೇಕೆಂದು ತಾಯಿ ಸುಂದರಾಬಾಯಿಗೆ ಮೂರು ಸಲ ಹೇಳಿ, ಅವನು ಬಾಡಿಗೆ ಮನೆಯಿದ್ದ ಸುಗಟೂರಿನಿಂದ ಬಸ್ಸು ಹತ್ತಿದ. ಆಕೆ ಸ್ನಾನ ಮುಗಿಸಿ, ದೇವರ ಮುಂದೆ ಕೂತ ಹಾಗೆ ಕಂಪ್ಯೂಟರಿನ ಮುಂದೆ ಕೂತರು.

ಮೂವತ್ತಮೂರಕ್ಕೆ ಎಳೆಗಳೆಲ್ಲ ಮುದುಡಿದವು. ಅದೇ ಹೊತ್ತಿಗೆ ಮನೆಯ ಒಡತಿ ಆದಿಲಕ್ಷ್ಮಮ್ಮ ಸಾರಿನ ಬಟ್ಟಲು ಹಿಂತಿರುಗಿಸಲು ಬಂದರು. ಹಿಂದಿನ ಕೊಠಡಿಯಲ್ಲಿ ಮೂವತ್ತು ವರ್ಷದಿಂದ ರೇಷ್ಮೆಹುಳ ಸಾಕಿದವರು. ಪರದೆ ನೋಡಿದವರೇ ಬಾಗಿಲಲ್ಲೇ ನಿಂತುಬಿಟ್ಟರು.

"ಏಮಮ್ಮಾ, ಮೂವತ್ಮೂರಕ್ಕೆ ಬಿಟ್ಟಿದ್ದೀರಾ? ಹುಳದ ಮನೇಲಿ ಮೂವತ್ತು ದಾಟಿದ್ರೆ ನಮಗೆ ಅನ್ನ ಇಳಿಯಲ್ಲ."

ಮಗ ಏರಿಸೆಂದೇ ಹೇಳಿದ್ದಾನೆ ಎಂದರು ಸುಂದರಾಬಾಯಿ. ಓದಿದವರಿಗೆ ಸಾಕಿ ಗೊತ್ತಿರುವುದಿಲ್ಲ ಎಂದು ಆದಿಲಕ್ಷ್ಮಮ್ಮ ಒದ್ದೆ ಗೋಣಿಚೀಲ ತಂದು ಕಿಟಕಿಗೆ ಇಳಿಬಿಟ್ಟರು. ಏಳು ವರ್ಷ ಸಾಕಿದ್ದು ಒಂದು ದಿನದಲ್ಲಿ ಹೋದರೆ ಮಗನ ಗತಿಯೇನೆಂದು ತಾಯಿಗೆ ದಿಗಿಲಾಯಿತು. ಮೂವತ್ತೆರಡು ಒತ್ತಿದರು. ಎಳೆಗಳು ಏಳಲಿಲ್ಲ. ಮೂವತ್ತೊಂದಕ್ಕೂ ಇಲ್ಲ, ಮೂವತ್ತಕ್ಕೂ ಇಲ್ಲ. ಸೊರಗಿದ್ದು ಚೇತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ ಎಂದು ಆದಿಲಕ್ಷ್ಮಮ್ಮ ಧೈರ್ಯ ಹೇಳಿದರು. ಇಪ್ಪತ್ತೆಂಟಕ್ಕೆ ಎಲ್ಲವೂ ಒಟ್ಟಿಗೆ ಎದ್ದು ನಿಂತವು. ಇಬ್ಬರೂ ಸಮಾಧಾನದಿಂದ ಕಾಫಿ ಕುಡಿದರು.

ಸಂಜೆ ಆರಕ್ಕೆ ಬಂದ ರಾಘವೇಂದ್ರನಿಗೆ ಕಂಡದ್ದು ನಲವತ್ತಲ್ಲ, ಇಪ್ಪತ್ತೈದು.

"ಒಂದೂ ಸಾಯ್ಲಿಲ್ಲ ಕಣೋ ರಾಘೂ. ಎಲ್ಲಾನೂ ಉಳಿಸಿಕೊಟ್ವಿ" ಎಂದರು ತಾಯಿ. ದಿನವಿಡೀ ಪರದೆ ನೋಡಿ ಆಕೆಯ ಕಣ್ಣು ಕೆಂಪಾಗಿತ್ತು. ಅವನಿಗೆ ಅಳು ಬಂತು, ಬೈಯಲು ಮಾತ್ರ ಮನಸ್ಸು ಬರಲಿಲ್ಲ.

ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಗೈಡ್ ಶ್ರೀನಿವಾಸಪ್ಪನವರಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ, ಎರಡು ದಿನ ಗಡುವು ಬೇಡಿದ. ಅವರು ಗಡುವಿನ ಮಾತು ಬಿಟ್ಟು ಬೇರೆಯೇ ಕೇಳಿದರು.

"ಬಿದ್ದದ್ದು ಮೂವತ್ಮೂರಕ್ಕೆ. ಎದ್ದದ್ದು?"

"ಇಪ್ಪತ್ತೆಂಟಕ್ಕೆ, ಸಾರ್."

"ನಿಮ್ಮ ಸಿದ್ಧಾಂತದ ಪ್ರಕಾರ ಎರಡೂ ಒಂದೇ ಡಿಗ್ರೀಲಿ ಆಗ್ಬೇಕಿತ್ತಲ್ಲ?"

ಹೌದೆಂದ ರಾಘವೇಂದ್ರ. ಏಳು ವರ್ಷ ಬಿಸಿ ಮಾಡಿದ್ದೇ ಮಾಡಿದ್ದು, ತಣ್ಣಗೆ ಮಾಡಿ ನೋಡೋಣವೆಂದು ಗುರುವಿಗೂ ಹೊಳೆದಿರಲಿಲ್ಲ, ಶಿಷ್ಯನಿಗೂ ಹೊಳೆದಿರಲಿಲ್ಲ. ಶ್ರೀನಿವಾಸಪ್ಪನವರಿಗೆ ಹಿಡಿಸಲಾರದಷ್ಟು ಸಂತೋಷ. ಸಿದ್ಧಾಂತ ತಪ್ಪು, ಪ್ರಬಂಧವನ್ನು ಮೊದಲಿನಿಂದ ಬರೆಯಬೇಕು, ಎರಡು ವರ್ಷ ಹಿಡಿದರೂ ಚಿನ್ನದಂಥ ವಿಷಯ ಎಂದರು. ರಾಘವೇಂದ್ರ ಕೆಲಸದ ಮಾತೆತ್ತಿದ. ಅದು ಅವರ ಕಿವಿಗೆ ಬೀಳಲೇ ಇಲ್ಲ.

"ಅದಿರಲಿ, ತಣ್ಣಗೆ ಮಾಡಿ ಅಂದಿದ್ದು ಯಾರು?"

"ಮನೆ ಓನರು ಆದಿಲಕ್ಷ್ಮಮ್ಮ ಅಂತ, ಸಾರ್. ರೇಷ್ಮೆಹುಳ ಸಾಕ್ತಾರೆ."

"ಹಾಗಾದ್ರೆ ನಾಳೆ ನೀವು ಬರೋದು ಬೇಡ. ಅವರನ್ನ ಕಳಿಸಿ."