ಇಲ್ಲದ ನಾಯಿಗೆ ಬಿಸ್ಕತ್ತು

ಹಲ್ಲಪ್ಪನ ಕಷ್ಟಕ್ಕೆಲ್ಲ ಕಾರಣ ಅವನ ಬಾಯಿಂದ ಜಾರಿದ ಒಂದೇ ಒಂದು ಮಾತು: "ಇದೆ."

ಹಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೋಳು ಬಾಯಿಗಳಿಗೆ ಹಲ್ಲು ಸೆಟ್ಟು ಕಟ್ಟಿಕೊಡುವ ಕಸುಬಿನವನಿಗೆ ಭಾವಮೈದುನರು ಅಂಟಿಸಿದ ಹೆಸರು. ಮೂರು ತಿಂಗಳ ಹಿಂದೆ ಹೆಂಡತಿಯನ್ನೂ ಏಳು ವರ್ಷದ ಮಗಳನ್ನೂ ಊರಿನಲ್ಲಿ ಬಿಟ್ಟು ಈ ಪರದೇಶಕ್ಕೆ ಬಂದವನು ಒಂದು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಕೇಳಲು ಹೋಗಿದ್ದ. ಅವನಿಗಿಂತ ಮುಂಚೆ ಒಳಗೆ ಹೋದವನು ಜೋಲುಮೋರೆ ಹಾಕಿಕೊಂಡು ಹೊರಬಂದ. "ನಾಯಿ ಸಾಕಿದೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಅಲ್ಲಿಗೆ ಮುಗೀತು," ಎಂದು ಹೇಳಿ ಮೆಟ್ಟಿಲಿಳಿದ.

ಹೀಗಾಗಿ ಯಜಮಾನರು ಅದೇ ಪ್ರಶ್ನೆ ಕೇಳಿದಾಗ ಹಲ್ಲಪ್ಪನ ನಾಲಗೆ ಅವನನ್ನು ಕೇಳದೆಯೇ ಹೊರಳಿತು.

"ಇದೆ."

"ಹೆಸರು?"

ಗಾಬರಿಯಲ್ಲಿ ಬಾಯಿಗೆ ಬಂದದ್ದು ಮಗಳ ಮುದ್ದಿನ ಹೆಸರು. "ಬಂಗಾರಿ."

"ವಯಸ್ಸು?"

"ನಾಲ್ಕು," ಎಂದ. ಅಷ್ಟಾದರೂ ಬದಲಾಯಿಸೋಣ ಎಂದು.

ಯಜಮಾನರ ಮುಖ ಹೂವಿನಂತೆ ಅರಳಿತು. ಅವನ ಬಾಯಿ ತೆರೆಸಿ, ಹಲ್ಲು ಎಣಿಸಿ, ಕಡತದಲ್ಲಿ ಮೂವತ್ತೊಂದು ಎಂದು ಬರೆದುಕೊಂಡರು. ಕೆಲಸಗಾರರ ಮತ್ತು ಅವರ ಮನೆಮಂದಿಯ ಹಲ್ಲುಗಳ ಲೆಕ್ಕವಿಡುವುದು ಆ ಲ್ಯಾಬಿನ ಪದ್ಧತಿ. ಒಂದು ಬಿದ್ದರೆ ಒಂದು ಪುಕ್ಕಟೆ. ‘ಜೊತೆಯಲ್ಲಿ ವಾಸಿಸುವ ಕುಟುಂಬ’ ಎಂಬ ಖಾನೆಯನ್ನು ಮಾತ್ರ ಹಲ್ಲಪ್ಪ ಖಾಲಿ ಬಿಟ್ಟ. ಕುಟುಂಬ ಊರಿನಲ್ಲಿತ್ತಲ್ಲ.

ಅಂದಿನಿಂದ ಇಲ್ಲದ ನಾಯಿಯನ್ನು ಸಾಕುವ ಕೆಲಸ ಶುರುವಾಯಿತು. ಇದ್ದ ನಾಯಿಯನ್ನು ಸಾಕುವುದು ಇದಕ್ಕಿಂತ ಸುಲಭವಿದ್ದೀತು. ಪಕ್ಕದ ಮೇಜಿನಲ್ಲಿ ಮೇಣದ ಕೆಲಸ ಮಾಡುವ ಹೆಂಗಸಿಗೆ (ಎಲ್ಲರಿಗೂ ಅವಳು ಮೇಣದಕ್ಕ) ದಿನವೂ ವರದಿ ಬೇಕು.

"ಬಂಗಾರಿ ಹೇಗಿದೆ? ರಾತ್ರಿ ನಿದ್ದೆ ಮಾಡ್ತಾ?"

"ಮಾಡ್ತು ಅಕ್ಕಾ. ಚಿಕ್ಕ ಪ್ರಾಣಿ, ಮಡಿಲಲ್ಲೇ ಮಲಗಿಬಿಡುತ್ತೆ."

ವಾರಕ್ಕೊಂದು ಸಲ ಅವಳು ಬಂಗಾರಿಗೆಂದು ಬಿಸ್ಕತ್ತಿನ ಪೊಟ್ಟಣ ಕೊಡುತ್ತಿದ್ದಳು. ಬಿಸಾಡಲು ಮನಸ್ಸು ಬಾರದೆ ಹಲ್ಲಪ್ಪ ಅವನ್ನು ಚಹಾದಲ್ಲಿ ಅದ್ದಿ ತಾನೇ ತಿಂದ. ಉಪ್ಪು ಸ್ವಲ್ಪ ಕಡಿಮೆ, ಅಷ್ಟು ಬಿಟ್ಟರೆ ದೂರು ಹೇಳುವಂಥದ್ದೇನಿರಲಿಲ್ಲ.

ಈ ದಿನ ಅವನ ಮೂರು ತಿಂಗಳ ಪರೀಕ್ಷೆಯ ಅವಧಿ ಮುಗಿಯುವ ದಿನ. ಸಂಜೆ ಯಜಮಾನರು ಕಾಯಂ ಕಾಗದಕ್ಕೆ ಸಹಿ ಹಾಕಬೇಕು. ಕಾಗದದ ಜೊತೆಗೆ ಕಂಪನಿಯ ಮನೆ. ಆ ಕಾಗದದಲ್ಲಿ ಕುಟುಂಬವೆಂದು ಯಾರ ಹೆಸರಿರುತ್ತದೋ ಅವರಿಗಷ್ಟೇ ಈ ದೇಶದೊಳಗೆ ಬರಲು ಅಪ್ಪಣೆ. ಹೆಸರು ಸೇರಿಸುವುದು, ತೆಗೆಯುವುದು ಏನಿದ್ದರೂ ಮುಂದಿನ ವರ್ಷ. ಹೆಂಡತಿಯ ಹೆಸರು, ಮಗಳ ಹೆಸರು ಎರಡನ್ನೂ ಇಲ್ಲಿಯ ಅಕ್ಷರಗಳಲ್ಲಿ ದುಂಡಗೆ ಬರೆದ ಚೀಟಿ ಒಂದು ವಾರದಿಂದ ಅವನ ಜೇಬಿನಲ್ಲಿತ್ತು.

ಹಿಂದಿನ ದಿನ ಮನೆಗೆ ಹೊರಡುವಾಗ ಯಜಮಾನರು ಹೆಗಲ ಮೇಲೆ ಕೈ ಹಾಕಿ ಹೇಳಿದ್ದರು: "ನಾಳೆ ಬಂಗಾರೀನ ಕರ್ಕೊಂಡು ಬನ್ನಿ. ಅವಳನ್ನ ನೋಡದೆ ನಾನು ಸಹಿ ಹಾಕಲ್ಲ."

ತಮಾಷೆಗೆ ಹೇಳಿದರೋ ನಿಜಕ್ಕೋ, ಹಲ್ಲಪ್ಪನಿಗೆ ತಿಳಿಯಲಿಲ್ಲ. ತಿಳಿಯುವವರೆಗೆ ಕಾಯುವ ಧೈರ್ಯವೂ ಇರಲಿಲ್ಲ.

*

ಅವನಿದ್ದ ಕಟ್ಟಡದ ಕೆಳಮನೆಯಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ಅವರ ಹತ್ತಿರ ಕರಿಯ ನಾಯಿ ಇತ್ತು. ನಾಯಿ ಎನ್ನುವುದು ಸೌಜನ್ಯದ ಮಾತು. ಎದ್ದು ನಿಂತರೆ ಎಮ್ಮೆಕರುವಿಗೆ ಅಣ್ಣನಂತಿತ್ತು. ಒಂದು ತಿಂಗಳಿನಿಂದ ನರ್ಸಮ್ಮ ಆ ನಾಯಿಯೊಂದಿಗೆ ಮನೆಮನೆಯ ಬಾಗಿಲು ತಟ್ಟುತ್ತಿದ್ದರು. ಯಾಕೆಂದು ಹಲ್ಲಪ್ಪನಿಗೆ ಗೊತ್ತಿರಲಿಲ್ಲ, ಅವನ ಬಾಗಿಲು ತಟ್ಟಿದಾಗಲೆಲ್ಲ ಅವನು ಉಸಿರು ಬಿಗಿಹಿಡಿದು ಮಂಚದ ಮೇಲೆ ಹತ್ತಿ ನಿಂತಿರುತ್ತಿದ್ದ. ಅವನ ಊರಿನಲ್ಲಿ ನಾಯಿಗೆ ಬೀದಿ, ಮನುಷ್ಯರಿಗೆ ಮನೆ. ಹೊಸ್ತಿಲು ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಮೇಲಾಗಿ ನಾಯಿಯ ಬಾಯಲ್ಲಿ ನಲವತ್ತೆರಡು ಹಲ್ಲಿರುತ್ತವೆ ಎಂಬುದು ಅವನ ಕಸುಬು ಅವನಿಗೆ ಕಲಿಸಿದ ಅತ್ಯಂತ ಭಯಂಕರ ವಿಷಯವಾಗಿತ್ತು.

ಬೆಳಗ್ಗೆ ಏಳಕ್ಕೆ ಅವನೇ ಹೋಗಿ ನರ್ಸಮ್ಮನ ಬಾಗಿಲು ತಟ್ಟಿದ. ಒಳಗೆ ಹಜಾರದಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳು. ನರ್ಸಮ್ಮ ಎಲ್ಲಿಗೋ ಹೊರಟಂತಿತ್ತು.

"ನಿಮ್ಮ ನಾಯಿ ನನಗೆ ಬೇಕಾಗಿತ್ತಮ್ಮಾ..."

ಇವತ್ತೊಂದು ದಿನದ ಮಟ್ಟಿಗೆ ಎಂಬುದನ್ನು ಈ ದೇಶದ ಭಾಷೆಯಲ್ಲಿ ಹೇಗೆ ಜೋಡಿಸುವುದೆಂದು ಅವನು ಯೋಚಿಸುವಷ್ಟರಲ್ಲಿ ನರ್ಸಮ್ಮ ಅವನನ್ನು ಅಪ್ಪಿಕೊಂಡರು.

"ನೀವು ದೇವರಂಥವರು!" ಎಂದು ಕಣ್ಣೊರೆಸಿಕೊಂಡು ಒಂದು ಕಡತ ತಂದರು. "ಇಲ್ಲೊಂದು ಸಹಿ. ಇಲ್ಲೊಂದು. ಇಲ್ಲಿ ಪೂರ್ತಿ ಹೆಸರು ಬರೀರಿ."

ಈ ದೇಶದಲ್ಲಿ ಕೊಡೆ ಎರವಲು ಕೊಟ್ಟರೂ ಸಹಿ ಕೇಳುತ್ತಾರೆ ಎಂದುಕೊಂಡು ಹಲ್ಲಪ್ಪ ಮೂರೂ ಕಡೆ ಸಹಿ ಮಾಡಿದ. ನರ್ಸಮ್ಮ ನಾಯಿಯ ಹಣೆಗೆ ಮುತ್ತಿಟ್ಟು ಅದರ ಹಗ್ಗವನ್ನು ಅವನ ಕೈಗಿತ್ತರು.

*

ಬೀದಿಗಿಳಿದದ್ದೇ ತಡ, ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂಬುದು ತೀರ್ಮಾನವಾಗಿಹೋಯಿತು. ಹಲ್ಲಪ್ಪ ಗಾಳಿಪಟದ ಬಾಲಂಗೋಚಿಯ ಹಾಗೆ ಹಿಂದಿನಿಂದ ಹಾರುತ್ತಿದ್ದ.

"ಬಂಗಾರಿ! ನಿಲ್ಲು, ಬಂಗಾರಿ!"

ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅದಕ್ಕೆ ಬೇರೆಯೇ ಹೆಸರಿತ್ತು; ಅದು ಅವನ ನಾಲಗೆಗೆ ಹೊರಳುವಂಥದ್ದಲ್ಲ.

ಆದರೆ ಒಂದು ವಿಚಿತ್ರ ನಡೆಯಿತು. ಮೂರು ತಿಂಗಳಿನಿಂದ ಇದೇ ಬೀದಿಯಲ್ಲಿ ಅವನನ್ನು ಗಾಜಿನಂತೆ ದಾಟಿ ನೋಡುತ್ತಿದ್ದ ಜನ ಇಂದು ನಿಂತರು. ಅಂಚೆಯವನು ನಿಂತ. ಹೂವಿನಂಗಡಿಯವಳು ಹೊರಗೆ ಬಂದಳು. "ಎಷ್ಟು ಚೆಂದ ಇದಾಳೆ! ಊಟ ಆಯ್ತಾ ಚಿನ್ನಾ?" ಎಂದು ನಾಯಿಯನ್ನು ಕೇಳಿದಳು. ಹಲ್ಲಪ್ಪನಿಗೆ ಊಟವಾಯಿತೇ ಎಂದು ಈ ದೇಶದಲ್ಲಿ ಇದುವರೆಗೆ ಒಬ್ಬರೂ ಕೇಳಿರಲಿಲ್ಲ. ಆದರೂ ಅವಳು ಅವನತ್ತಲೂ ಒಂದು ನಗೆ ಬೀರಿದಳು. ಅವನ ಎದೆ ಒಂದಂಗುಲ ಉಬ್ಬಿತು.

ಅಷ್ಟರಲ್ಲಿ ನಾಯಿ ಒಂದು ಕಂಬದ ಬುಡದಲ್ಲಿ ಗಂಭೀರವಾಗಿ ಕುಳಿತಿತು. ಎಲ್ಲರೂ ಹಲ್ಲಪ್ಪನನ್ನು ನೋಡಿದರು. ಅವನು ಆಕಾಶ ನೋಡಿದ. ಹೂವಿನಂಗಡಿಯವಳು ಸಣ್ಣ ಪ್ಲಾಸ್ಟಿಕ್ ಚೀಲವೊಂದನ್ನು ಅವನ ಮುಂದೆ ಹಿಡಿದಳು. ಸರಿಯಾಗಿ ಆಗಲೇ ಊರಿನಿಂದ ಹೆಂಡತಿಯ ವಿಡಿಯೋ ಕರೆ ಬಂತು.

"ಏನ್ರೀ ಅದು, ಬಗ್ಗಿ ಏನು ಬಾಚ್ತಿದೀರಿ?"

"ಏನಿಲ್ಲ ಕಣೇ... ಆಫೀಸಿನ ಕೆಲಸ."

"ಹಿಂದೆ ಬಾಲ ಕಾಣ್ತಿದೆ! ನಾಯೀದಾ? ಅಯ್ಯೋ, ನಾಯಿ ಹಿಂದೆ ಚೀಲ ಹಿಡ್ಕೊಂಡು ಹೋಗ್ತಿದೀರಾ? ನಮ್ಮ ಬಂಗಾರಿ ಕೂಸಾಗಿದ್ದಾಗ ಒಂದು ದಿನಾನಾದ್ರೂ ಬಟ್ಟೆ ಬದಲಾಯಿಸಿದ್ರಾ? ಮೂಗು ಮುಚ್ಕೊಂಡು ಜಗಲೀಗೆ ಓಡ್ತಿದ್ರಿ!"

"ಇದೊಂದು ದಿನ ಕಣೇ. ಸಂಜೆ ಕಾಗದ ಸಿಗುತ್ತೆ. ನಿಮ್ಮಿಬ್ಬರ ಹೆಸರೂ ಜೇಬಲ್ಲೇ ಇದೆ."

"ಸಿಗಲಿ. ಆದ್ರೆ ಆ ನಾಯಿ ಮಾತ್ರ ನಾನು ಬರೋ ಮನೇಲಿ ಇರಕೂಡದು. ಹೇಳಿದೀನಿ."

*

ಲ್ಯಾಬಿನ ಬಾಗಿಲಲ್ಲೇ ಮೇಣದಕ್ಕ ಎದುರಾದಳು. ನಾಯಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಚಿಕ್ಕ ಪ್ರಾಣಿ, ಮಡಿಲಲ್ಲಿ ಮಲಗುತ್ತೆ ಅಂದಿದ್ರಿ?"

"ಮಲಗೋದು ನಾನು ಅಕ್ಕಾ. ಅದರ ಮಡಿಲಲ್ಲಿ."

"ನನ್ನ ಬಿಸ್ಕತ್ತಿನ ಮಹಿಮೆ ನೋಡಿ!" ಎಂದು ಅವಳು ಹಿಗ್ಗಿ ಎಲ್ಲರನ್ನೂ ಕೂಗಿದಳು.

ಯಜಮಾನರಂತೂ ನೆಲದ ಮೇಲೆಯೇ ಕುಳಿತುಬಿಟ್ಟರು. ನಾಯಿಯ ತುಟಿ ಎತ್ತಿ ಬೆರಳಿಟ್ಟು ಎಣಿಸಿದರು. "ನಲವತ್ತೆರಡು! ಒಂದೂ ಹೋಗಿಲ್ಲ!" ಎಂದು ಕಡತದಲ್ಲಿ ಬರೆದುಕೊಂಡರು. ಹಲ್ಲಪ್ಪ ಹಗ್ಗವನ್ನು ಮೇಜಿನ ಕಾಲಿಗೆ ಕಟ್ಟಿ ಕೆಲಸಕ್ಕೆ ಕುಳಿತ.

ಮೇಜಿನ ಮೇಲಿದ್ದದ್ದು ನಿವೃತ್ತ ನ್ಯಾಯಾಧೀಶರ ಮೇಲ್ದವಡೆಯ ಸೆಟ್ಟು. ಲ್ಯಾಬಿನ ತಲೆನೋವೆಂದರೆ ಈ ನ್ಯಾಯಾಧೀಶರು. ಐದು ಸಲ ಸೆಟ್ಟನ್ನು ವಾಪಸ್ಸು ತಂದಿದ್ದರು. "ಎಡಗಡೆ ಹಿಂದೆ ಒತ್ತುತ್ತೆ," ಎಂಬುದೊಂದೇ ತೀರ್ಪು. ಹಲ್ಲಪ್ಪ ಅಚ್ಚಿಗೆ ಕೂರಿಸಿ ನೋಡಿದ್ದ, ಉಜ್ಜಿದ್ದ, ಪಾಲಿಶ್ ಮಾಡಿದ್ದ. ಒತ್ತುವ ಜಾಗ ಸಿಕ್ಕಿರಲಿಲ್ಲ. ಈ ದಿನ ಹನ್ನೆರಡಕ್ಕೆ ಅವರು ಆರನೆಯ ಸಲ ಬರುವವರಿದ್ದರು. ಈ ಸಲವೂ ಕೂರದಿದ್ದರೆ ಲ್ಯಾಬಿನ ಮಾನ ಹೋಯಿತೆಂದು ಯಜಮಾನರು ಮೊದಲೇ ಹೇಳಿದ್ದರು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಹಲ್ಲಪ್ಪ ಸೆಟ್ಟನ್ನು ತೊಳೆದು ಬಟ್ಟೆಯ ಮೇಲಿಟ್ಟು ಕೈ ಒರೆಸಿಕೊಳ್ಳಲು ತಿರುಗಿದ. ಮತ್ತೆ ತಿರುಗಿದಾಗ ಬಟ್ಟೆ ಇತ್ತು. ಸೆಟ್ಟಿರಲಿಲ್ಲ. ಮೇಜೂ ಮೊದಲಿದ್ದ ಜಾಗದಲ್ಲಿರಲಿಲ್ಲ. ಹಗ್ಗ ಬಿಚ್ಚಿಹೋಗಿತ್ತು. ಆಚೆ ಮೂಲೆಯಲ್ಲಿ ನಾಯಿ ಬೆನ್ನು ತಿರುಗಿಸಿ ಮಲಗಿ ಏನನ್ನೋ ಮನಸ್ಸಿಟ್ಟು ಕಡಿಯುತ್ತಿತ್ತು. ‘ಕಟಂ’ ಎಂದಿತು.

"ಬಂಗಾರೀ!"

ಅವನು ನುಗ್ಗಿದ. ನಾಯಿಗೆ ಇದು ಆಟವೆನಿಸಿತು. ನ್ಯಾಯಾಧೀಶರ ಹದಿನಾಲ್ಕು ಹಲ್ಲುಗಳನ್ನು ತನ್ನ ನಲವತ್ತೆರಡರ ನಡುವೆ ಹಿಡಿದು, ನಗುತ್ತಿರುವ ಹಾಗೆ ಕಾಣುತ್ತ ಅದು ಓಡಿತು. ಪ್ಲಾಸ್ಟರಿನ ಬಕೆಟ್ಟು ಉರುಳಿ ಹಲ್ಲಪ್ಪ ಮೊಣಕಾಲಿನವರೆಗೆ ಬಿಳಿಯಾದ. ಮೇಣದಕ್ಕ ಅಡ್ಡ ನಿಂತು, ಕೂಡಲೇ ಪಕ್ಕಕ್ಕೆ ಸರಿದಳು. ನಾಯಿ ಬಾಗಿಲು ತಳ್ಳಿಕೊಂಡು ಮುಂಗೋಣೆಗೆ ಹೋಯಿತು. ಅಲ್ಲಿ ಕೋಲೂರಿ ಕುಳಿತಿದ್ದರು ನ್ಯಾಯಾಧೀಶರು. ಅದು ನೇರವಾಗಿ ಅವರ ಬಳಿಗೆ ಹೋಗಿ, ಸೆಟ್ಟನ್ನು ಮೆಲ್ಲಗೆ ಅವರ ಮಡಿಲಲ್ಲಿಟ್ಟು ಕುಳಿತಿತು.

ಹಲ್ಲಪ್ಪ ಬಾಗಿಲಲ್ಲಿ ಕಲ್ಲಾಗಿ ನಿಂತ. ಎಡಗಡೆಯ ಹಿಂದಿನ ಅಂಚು ಒಂದು ಚೂರು ಹಾರಿಹೋಗಿತ್ತು. ಅದು ಹಾಗಿರಲಿ, ಎಂಜಲು! ಅವನ ಮನೆಯಲ್ಲಿ ಮಗಳು ಕಚ್ಚಿದ ಹಣ್ಣನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಇಲ್ಲಿ ನಾಯಿಯ ಜೊಲ್ಲು ಸುರಿಯುವ ಹಲ್ಲನ್ನು ನ್ಯಾಯಾಧೀಶರ ಮಡಿಲಲ್ಲಿ ಕಂಡವನಿಗೆ ಕಾಯಂ ಕಾಗದ ಕಣ್ಣೆದುರೇ ಚೂರುಚೂರಾದಂತಾಯಿತು.

"ಸ್ವಾಮೀ, ತಪ್ಪಾಯ್ತು. ಹೊಸದು ಮಾಡಿಕೊಡ್ತೀನಿ. ಅದನ್ನ ಮುಟ್ಟಬೇಡಿ..."

ನ್ಯಾಯಾಧೀಶರು ಆಗಲೇ ಕರವಸ್ತ್ರದಲ್ಲಿ ಒಂದು ಸಲ ಒರೆಸಿ ಅದನ್ನು ಬಾಯಿಗೆ ಹಾಕಿಕೊಂಡಿದ್ದರು.

ಅವರು ಬಾಯಿ ಮುಚ್ಚಿದರು. ತೆರೆದರು. ಎಡಗಡೆ ಕಚ್ಚಿದರು. ಬಲಗಡೆ ಕಚ್ಚಿದರು. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕರು.

"ಒತ್ತುತ್ತಾ ಇಲ್ಲ!"

"ಏನಂದ್ರಿ?" ಎಂದರು ಓಡಿಬಂದ ಯಜಮಾನರು.

"ಒತ್ತುತ್ತಾ ಇಲ್ಲ ಕಣ್ರೀ! ನಿಮ್ಮ ಲ್ಯಾಬಲ್ಲಿ ಇಷ್ಟು ಜನ ಇದೀರಿ, ಒಬ್ಬರಿಗಾದ್ರೂ ಆ ಜಾಗ ಸಿಕ್ತಾ? ಇವಳಿಗೆ ಸಿಕ್ತು ನೋಡಿ!" ಎಂದು ನಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೂತಿಗೆ ಮುತ್ತಿಟ್ಟರು. ನಾಯಿ ಅವರ ಕನ್ನಡಕವನ್ನು ನೆಕ್ಕಿ ತೊಳೆಯಿತು. "ನಮ್ಮನೇಲಿದ್ದವಳೂ ಹೀಗೇ ತಂದು ಮಡಿಲಲ್ಲಿ ಇಡ್ತಿದ್ಲು. ಹೋಗಿ ಆರು ವರ್ಷ ಆಯ್ತು," ಎಂದರು. ಕೈ ಇನ್ನೂ ಆ ಕಪ್ಪು ತಲೆಯ ಮೇಲೆಯೇ ಇತ್ತು.

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಮೇಣದಕ್ಕ ಹಲ್ಲಪ್ಪನ ಪ್ಲಾಸ್ಟರ್ ಮೆತ್ತಿದ ಕೈಯನ್ನು ಹಿಡಿದು ಮೇಲೆತ್ತಿದಳು, ಕುಸ್ತಿ ಗೆದ್ದವನ ಕೈ ಎತ್ತುವ ಹಾಗೆ. ಅವನು ಹುಟ್ಟಿದ ಮೇಲೆ ಅಷ್ಟು ಜನ ಒಟ್ಟಿಗೆ ಅವನನ್ನು ನೋಡಿ ನಕ್ಕದ್ದು ಇದೇ ಮೊದಲು, ಅದೂ ಪ್ರೀತಿಯಿಂದ.

ಯಜಮಾನರು ಸಂಜೆಯವರೆಗೆ ಕಾಯಲೇ ಇಲ್ಲ. ಮೂರು ಗಂಟೆಗೇ ಅವನನ್ನು ಒಳಗೆ ಕರೆದು, ಅಂಟಿಸಿದ ಲಕೋಟೆಯನ್ನೂ ಬೀಗದ ಕೈಯನ್ನೂ ಅಂಗೈಯಲ್ಲಿಟ್ಟರು. ಹಲ್ಲಪ್ಪ ಚೀಟಿ ತೆಗೆಯಲು ಜೇಬಿಗೆ ಕೈ ಹಾಕಿದ.

"ಏನೂ ಬೇಡ. ಕುಟುಂಬದ ಖಾನೆ ಖಾಲಿ ಬಿಟ್ಟಿದ್ರಿ, ನಾನೇ ತುಂಬಿದೀನಿ. ನನಗೆ ಗೊತ್ತಾಗಲ್ವಾ? ಮನೆಗೊಂದು ಅಂಗಳಾನೂ ಇದೆ."

ಹೆಂಡತಿ, ಮಗಳ ವಿಷಯವನ್ನು ಅವನು ಒಮ್ಮೆ ಮೇಣದಕ್ಕನಿಗೆ ಹೇಳಿದ್ದ, ಅವಳೇ ತಿಳಿಸಿರಬೇಕು ಎಂದುಕೊಂಡ. ಹಲ್ಲಪ್ಪ ತಲೆಬಾಗಿ ವಂದಿಸಿದ. ಚೀಟಿಯನ್ನು ಜೇಬಿನಲ್ಲೇ ಬಿಟ್ಟ.

*

ಹಿಂತಿರುಗುವಾಗ ಅವನು ಬೀದಿಯ ನಡುವೆಯೇ ನಡೆದ. ಹೂವಿನಂಗಡಿಯವಳಿಗೆ ತಾನೇ ಮೊದಲು ಕೈಬೀಸಿದ. ಕಂಬದ ಬುಡದಲ್ಲಿ ನಾಯಿ ಮತ್ತೆ ಕುಳಿತಾಗ ಯಾರೂ ಹೇಳುವ ಮೊದಲೇ ಚೀಲ ತೆಗೆದ. ಇನ್ನೇನು, ನಾಯಿಯನ್ನು ಒಪ್ಪಿಸಿ ಕೈ ತೊಳೆದುಕೊಳ್ಳುವುದಷ್ಟೇ ಬಾಕಿ. ನಾಲ್ಕು ದಿನ ಬಿಟ್ಟು ಲ್ಯಾಬಿನಲ್ಲಿ ಬಂಗಾರಿಗೆ ಹುಷಾರಿಲ್ಲವೆನ್ನುವುದು, ಮುಂದಿನ ವಾರ ಹೋಗಿಬಿಟ್ಟಿತೆನ್ನುವುದು. ಅಳುವುದೊಂದು ಕಷ್ಟ, ಅದನ್ನು ಕಲಿಯಬಹುದು.

ನರ್ಸಮ್ಮನ ಬಾಗಿಲಿಗೆ ಬೀಗ. ಬಾಗಿಲ ಮುಂದೆ ನಾಯಿಯ ತಟ್ಟೆ, ನಾಯಿಯ ಹಾಸಿಗೆ, ಮೇಲೊಂದು ಕಡತ. ಕಡತದಲ್ಲಿ ಅವನು ಬೆಳಗ್ಗೆ ಸಹಿ ಮಾಡಿದ ಹಾಳೆಗಳು, ಪುರಸಭೆಯ ಮೊಹರಿನೊಡನೆ: ಈ ನಾಯಿಯ ಮಾಲೀಕರು ಇಂದಿನಿಂದ ಕೆಳಗೆ ಸಹಿ ಮಾಡಿದವರು, ನಾಯಿಯ ಜೀವಮಾನ ಪರ್ಯಂತ. ಜೊತೆಗೊಂದು ಚೀಟಿ: "ಮಗನ ಮನೆಯಲ್ಲಿ ನಾಯಿಗೆ ಜಾಗವಿಲ್ಲ. ಒಂದು ತಿಂಗಳು ಎಲ್ಲರನ್ನೂ ಕೇಳಿದೆ. ನೀವಾಗಿ ಬಂದು ಕೇಳಿದಿರಿ. ನೆಮ್ಮದಿಯಾಗಿ ಹೊರಟಿದ್ದೇನೆ."

ಹಲ್ಲಪ್ಪ ನಾಯಿಯ ಹಾಸಿಗೆಯ ಮೇಲೆ ಕುಸಿದ. ಫೋನು ಬಡಿದುಕೊಂಡಿತು.

"ಏನಾಯ್ತ್ರೀ? ಕಾಗದ ಸಿಕ್ತಾ?"

"ಸಿಕ್ತು."

"ಓದಿ ಓದಿ! ಇರಿ, ಎಲ್ಲರೂ ಕೇಳಿಸ್ಕೊಳ್ಳಲಿ."

ಅವನು ಲಕೋಟೆ ಒಡೆದು ಒಂದೊಂದೇ ಅಕ್ಷರ ಕೂಡಿಸಿ ಓದಿ ಹೇಳಿದ. "‘ಇವರನ್ನು ಕಾಯಂ ಮಾಡಲಾಗಿದೆ.’"

"ಅಬ್ಬಾ!"

"‘ಅಂಗಳವಿರುವ ಮನೆಯನ್ನು ಕೊಡಲಾಗಿದೆ.’"

"ಅಂಗಳ! ಬಂಗಾರಿ ಆಡ್ಕೊಂಡಿರ್ತಾಳೆ. ಮುಂದೆ?"

"‘ಜೊತೆಯಲ್ಲಿ ವಾಸಿಸುವ ಕುಟುಂಬ: ಬಂಗಾರಿ.’"

"ಮಗಳ ಹೆಸರೇ ಮೊದಲು ಬರ್ದಿದಾರೆ! ಒಳ್ಳೇ ಜನ ಕಣ್ರೀ. ಆಮೇಲೆ ನನ್ನ ಹೆಸರಾ?"

ಆಮೇಲೆ ಹೆಸರಿರಲಿಲ್ಲ. ಹಲ್ಲಪ್ಪನ ಧ್ವನಿ ಅವನಿಗೇ ಕೇಳಿಸದಷ್ಟು ಇಳಿಯಿತು. "‘ವಯಸ್ಸು: ನಾಲ್ಕು.’"

"ಏಳು! ತಪ್ಪು ಬರ್ದಿದಾರೆ, ನಾಳೇನೇ ತಿದ್ದಿಸಿ. ಇನ್ನೇನಿದೆ?"

"‘ಹಲ್ಲು: ನಲವತ್ತೆರಡು.’"

"ನಲವತ್ತೆರಡಾ?" ಎಂದಳು ಹೆಂಡತಿ.

"ಬಂಗಾರಿ..." ಎಂದು ಹಲ್ಲಪ್ಪ ನಿಟ್ಟುಸಿರುಬಿಟ್ಟ. ಬೆಳಗ್ಗಿನಿಂದ ಆ ಹೆಸರಿಗೆ ಕಿವಿಯನ್ನೂ ಅಲ್ಲಾಡಿಸದಿದ್ದ ನಾಯಿ ಎದ್ದು ಬಂದು, ಬಾಲ ಆಡಿಸಿ, ಅವನ ಮಡಿಲಲ್ಲಿ ಮಲಗಿತು.