ಲಾರಿ ಪದದಲ್ಲಿ ನನ್ನ ಹೆಸರು

ಹೆಂಗಸಿನ ಹೆಸರು ಊರ ಬಾಯಿಗೆ ಬೀಳುವುದಕ್ಕೆ ಅವಳು ತಪ್ಪು ಮಾಡಬೇಕೆಂದೇನೂ ಇಲ್ಲ. ಪ್ರಾಸಕ್ಕೆ ಹೊಂದುವ ಹೆಸರೊಂದಿದ್ದರೆ ಸಾಕು. ನನ್ನ ಹೆಸರು ಜಯಮ್ಮ. ಮುಂದೊಂದು ದಿನ ಇದು ನೆಲಮಂಗಲದಿಂದ ಪುಣೆಯವರೆಗೆ ಲಾರಿಗಳಲ್ಲಿ ಓಡಾಡುತ್ತದೆಂದು ಹೆಸರಿಡುವಾಗ ನಮ್ಮ ತಂದೆ ಎಣಿಸಿರಲಿಲ್ಲ. ಎಣಿಸಿದ್ದರೆ ಯಾವ ಪದಕ್ಕೂ ಒಗ್ಗದಂತೆ ತ್ರಿಪುರಸುಂದರಿ ಎಂದೋ ಏನೋ ಇಟ್ಟುಬಿಡುತ್ತಿದ್ದರು. ಹಾಗೆ ನನ್ನ ಹೆಸರನ್ನು ರಸ್ತೆಗೆ ಬಿಟ್ಟವರು ಹೊರಗಿನವರಲ್ಲ, ನನ್ನನ್ನು ಕಟ್ಟಿಕೊಂಡ ಗಂಡನೇ.

ನಮ್ಮ ಯಜಮಾನರು ಲಾರಿ ಡ್ರೈವರು. ಅರವತ್ತರ ದಶಕ ಅದು; ನೆಲಮಂಗಲದಲ್ಲಿ ತುಮಕೂರು ರಸ್ತೆಯ ಪಕ್ಕದಲ್ಲೇ ನಮ್ಮ ಮನೆ. ಹಿತ್ತಲಿಗೆ ರಾಗಿ ಹೊಲ, ಮುಂಬಾಗಿಲಿಗೆ ಟಾರು ರಸ್ತೆ. ನಮ್ಮತ್ತೆಗೆ ಮಗ ಹಿತ್ತಲ ಕಡೆ ಹೋಗದೆ ಮುಂಬಾಗಿಲಿನಿಂದ ಹೋದದ್ದು ಆರದ ಸಂಕಟ. ‘ನೇಗ್ಲು ಹಿಡ್ಕೊಂಡ್ ಹೋದೋನು ಸಂಜೆಗೆ ಮನೇಗ್ ಬತ್ತಾನೆ ಕಣಮ್ಮಿ. ಆ ಚಕ್ರ ಹಿಡ್ಕೊಂಡ್ ಹೋದೋನು ಯಾವ್ ದೇಸದಾಗೆ ಉಂಡ್ನೋ, ಯಾವ್ ಮರದಡೀಲಿ ಮಲಗಿದ್ನೋ’ ಎಂದು ಮುದ್ದೆ ಕಟ್ಟುವಾಗಲೆಲ್ಲ ಹೇಳುವರು. ಹೇಳುತ್ತಲೇ ಮಗನ ಪಾಲಿನದೊಂದು ಮುದ್ದೆಯನ್ನೂ ಕಟ್ಟಿಡುವರು. ಮಾರನೆಯ ದಿನ ಅದು ಎಮ್ಮೆಯ ಪಾಲಾಗುತ್ತಿತ್ತು. ನಮ್ಮ ಎಮ್ಮೆಯ ಮೈಕಟ್ಟು ನೋಡಿದರೆ ಸಾಕು, ನಮ್ಮ ಯಜಮಾನರು ಎಷ್ಟು ದಿನದಿಂದ ಊರಲ್ಲಿಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು.

ಅವರು ಓಡಿಸುತ್ತಿದ್ದದ್ದು ಒಬ್ಬ ಸಾಹುಕಾರರ ಲಾರಿ. ಮುಂದಕ್ಕೆ ಚಾಚಿದ ಉದ್ದ ಮೂತಿ, ಒಂದು ಕಣ್ಣು ಮಂದ, ಬಾಗಿಲು ಮುಚ್ಚಬೇಕೆಂದರೆ ಹಗ್ಗ ಕಟ್ಟಬೇಕು. ಇಂಥದ್ದಕ್ಕೆ ಅವರು ಇಟ್ಟ ಹೆಸರು ಚೆಲುವಮ್ಮ. ದೊಡ್ಡಬಳ್ಳಾಪುರದ ಸೀರೆ ಬೇಲುಗಳನ್ನೋ ಮತ್ತಿನ್ನೇನನ್ನೋ ಹೇರಿಕೊಂಡು ಹುಬ್ಬಳ್ಳಿ, ಪುಣೆ, ಬೊಂಬಾಯಿ ಎಂದು ಹೋಗುವರು. ದಾಬಸ್‌ಪೇಟೆಯ ಏರಿನಲ್ಲಿ ಚೆಲುವಮ್ಮ ಏದುಸಿರು ಬಿಡುವಾಗ ಹೊತ್ತು ಹೋಗಲೆಂದು ಒಂದು ಪದ ಕಟ್ಟಿದರಂತೆ. ಅದೇ ನನ್ನ ಪ್ರಾರಬ್ಧ.

ಇಬ್ಬರು ಹೆಂಡಿರ ಗಂಡ ನಾನು, ಪೋಂ ಪೋಂ ಪೋಂ
ಇಬ್ಬರಿಗೂನು ದಂಡ ನಾನು, ಪೋಂ ಪೋಂ ಪೋಂ
ಏರಲ್ ನಿಂತ್ರೆ ಚೆಲುವಮ್ಮಂಗೆ ಚಕ್ರಕ್ಕೊಂದು ಕಲ್ಲು
ಊರಲ್ ನಿಂತ್ರೆ ಜಯಮ್ಮಂಗೆ ಬಾಯಿ ತುಂಬ ಹಲ್ಲು

ಪೋಂ ಪೋಂ ಎಂಬಲ್ಲಿ ರಬ್ಬರಿನ ಹಾರನ್ನನ್ನು ಹಿಚುಕಬೇಕು. ಮಕ್ಕಳಿಗೆ ಬೇಕಾದದ್ದೇ ಅಷ್ಟು, ಡ್ರೈವರುಗಳಿಗೂ ಅಷ್ಟೇ. ರಸ್ತೆಯ ಹೋಟೆಲುಗಳಲ್ಲಿ ಚಹಾ ಕುಡಿಯುತ್ತ ಒಬ್ಬರಿಂದೊಬ್ಬರು ಕಲಿತರು. ಸ್ವಲ್ಪ ದಿನದಲ್ಲೇ ನಾನು ನಲ್ಲಿಯ ಹತ್ತಿರ ಕೊಡ ಇಟ್ಟರೆ ಹಿಂದಿನಿಂದ ಯಾವುದೋ ಮಗು ‘ಪೋಂ ಪೋಂ’ ಎನ್ನತೊಡಗಿತು. ಆ ಕೊನೆಯ ಸಾಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ನನ್ನ ಮೇಲಿನ ಹಲ್ಲುಗಳು ತುಸು ಮುಂದಕ್ಕಿವೆ. ಇದು ಮದುವೆಗೆ ಮುಂಚೆ ಎರಡೂ ಮನೆಯವರಿಗೆ ಗೊತ್ತಿದ್ದ, ಯಾರೂ ಬಾಯಿ ಬಿಡದ ಸಂಗತಿ. ಈಗ ಹೆಸರು ಹೇಳಿದರೆ ಜನ ಮೊದಲು ನನ್ನ ಬಾಯಿಯ ಕಡೆ ನೋಡುತ್ತಿದ್ದರು. ಪರಿಚಯದವರ ಮದುವೆಗೆ ಹೋದರೂ ತುಟಿ ಬಿಗಿದು ಕೂರುವುದಾಯಿತು. ‘ಜಯಮ್ಮಂಗೆ ಎಷ್ಟು ಜಂಬ’ ಎಂಬ ಮಾತು ಬೇರೆ ಬಂತು.

ಒಂದು ಬೆಳಿಗ್ಗೆ ಅವರು ಬೊಂಬಾಯಿಗೆ ಹೊರಡುವ ಹೊತ್ತಿಗೆ ಎದುರು ನಿಂತು ಕೇಳಿಯೇಬಿಟ್ಟೆ. ‘ನಿಮಗೆ ಹಾಡೋಕೆ ನನ್ ಹಲ್ಲೇ ಸಿಕ್ತಾ?’

ಅವರು ನಕ್ಕರು. ‘ಲೇ ಜಯ, ಅದು ಹಲ್ಲಿನ ಮಾತಲ್ಲ ಕಣೇ, ನಗೂ ಮಾತು.’

‘ಊರೋರು ನಗ್ತಿರೋದು ನಿಮಗೆ ಕೇಳ್ತಿಲ್ಲ. ಇನ್ನೊಂದ್ ಸಲ ಆ ಪದ ಹಾಡಿದ್ರೆ ಈ ಹೊಸ್ಲು ತುಳೀಬೇಡಿ.’

ಅವರ ನಗು ನಿಂತಿತು. ‘ಆಯ್ತು ಬಿಡು’ ಎಂದು ಬುತ್ತಿ ತೆಗೆದುಕೊಂಡು ಹೊರಟರು. ಯಾವಾಗಲೂ ರಸ್ತೆಯ ತಿರುವಿನಲ್ಲಿ ಒಮ್ಮೆ ಹಾರನ್ ಹಿಚುಕಿ ಹೋಗುತ್ತಿದ್ದವರು ಅಂದು ಸದ್ದಿಲ್ಲದೆ ಹೋದರು. ಗೆದ್ದೆನೆಂದುಕೊಂಡು ಒಳಗೆ ಬಂದು ಕಾಫಿ ಕಾಸಿಕೊಂಡೆ. ಅರ್ಧ ಲೋಟ ಕುಡಿಯುವಷ್ಟರಲ್ಲಿ ಗೆಲುವು ಇಳಿದುಹೋಗಿತ್ತು.

ಆ ಸಲ ಅವರು ಬೇಗ ಬರಲಿಲ್ಲ. ಬೊಂಬಾಯಿಯಲ್ಲಿ ಇಳಿಸಿದ ಮೇಲೆ ಸಾಹುಕಾರರು ಅಲ್ಲಿಂದಲೇ ನಾಗಪುರದ ಕಡೆ, ಆಮೇಲೆ ಮತ್ತೊಂದು ಕಡೆ ಎಂದು ಲೋಡು ಕೊಡುತ್ತಲೇ ಹೋದರಂತೆ. ಹೊಲದಲ್ಲಿ ರಾಗಿ ಮೊಳಕೆಯಾಗಿದ್ದದ್ದು ತೆನೆಯಾಯಿತು. ಪೋಂಗುಟ್ಟುತ್ತ ಒಂದು ಲಾರಿ ಬಂದರೆ ಒಲೆಯ ಮುಂದಿಂದ ಏಳುವುದು, ನಮ್ಮದಲ್ಲವೆಂದು ಕೂರುವುದು. ಎಂಜಿನ್ನಿನ ಸದ್ದಿನಿಂದಲೇ ಯಾವ ಲಾರಿ ಎಂದು ಗುರುತಿಸುವಷ್ಟು ಪರಿಣತಿ ಬಂತು. ಅಂಥ ಪರಿಣತಿಗೆ ಯಾರೂ ಕೆಲಸ ಕೊಡುವುದಿಲ್ಲ ಎಂಬುದೊಂದೇ ಕೊರತೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಮತ್ತೆ ಹಾಕುತ್ತಿದ್ದೆ. ಅತ್ತೆ ಅದಕ್ಕೆ ಮಜ್ಜಿಗೆ ಬೆರೆಸಿಕೊಂಡು ಉಣ್ಣುತ್ತಿದ್ದರು. ಎಮ್ಮೆ ದಪ್ಪಗಾಗುತ್ತಲೇ ಇತ್ತು.

ಕಡೆಗೆ ಅವರ ಸ್ನೇಹಿತ ಬಾಷಣ್ಣ, ಅವರೂ ಡ್ರೈವರೇ, ನಮ್ಮ ಮನೆ ಮುಂದೆ ಲಾರಿ ನಿಲ್ಲಿಸಿ ನೀರು ಕೇಳಿದರು. ನಾನು ಚೊಂಬು ಕೊಡುತ್ತಲೇ ‘ಎಲ್ಲಾದ್ರೂ ಸಿಕ್ಕಿದ್ರಾ ಅಣ್ಣ?’ ಎಂದೆ.

‘ಸಿಕ್ಕಿದ್ದ ತಂಗಿ, ಕೊಲ್ಲಾಪುರದ ಹತ್ರ. ಆರಾಮಾಗವ್ನೆ. ಆದ್ರೆ...’ ಬಾಷಣ್ಣ ಮೀಸೆ ಒರೆಸಿಕೊಂಡರು. ‘ಹೋಟ್ಲಲ್ಲಿ ಎಲ್ರೂ ಹಾಡು ರಾಮಣ್ಣ, ಹಾಡು ರಾಮಣ್ಣ ಅಂದ್ರೂ ಬಾಯ್ ಬಿಡಲ್ಲ. ಮನೇಲಿ ಬೇಜಾರು ಮಾಡ್ಕೊಂಡವ್ರೆ ಅಂತಾನೆ. ಊಟಾನೂ ಹಂಗೇ, ತಿಂದ್ರೆ ತಿಂದ, ಇಲ್ದಿದ್ರೆ ಇಲ್ಲ.’

ಕಾಗದ ಬರೆಯೋಣವೆಂದರೆ ಯಾವ ಊರಿಗೆ ಬರೆಯುವುದು? ಗಾಲಿಯ ಮೇಲಿರುವವನಿಗೆ ವಿಳಾಸವೆಲ್ಲಿ? ಬಾಷಣ್ಣ ಲಾರಿ ಹತ್ತುವ ಹೊತ್ತಿಗೆ ಏನು ಹೊಳೆಯಿತೋ, ‘ಅಣ್ಣ, ಒಂದ್ ಮಾತು ತಲುಪಿಸ್ತೀರಾ? ಮಾತಲ್ಲ, ಪದ’ ಎಂದೆ. ಹಾಡಲು ಮಾತ್ರ ಧೈರ್ಯ ಬರಲಿಲ್ಲ. ಬಾಗಿಲ ಮರೆಗೆ ಹೋಗಿ ನಿಂತು, ಅತ್ತೆಗೆ ಕೇಳದಷ್ಟು ಮೆಲ್ಲಗೆ ಹೇಳಿದೆ.

ಇಬ್ಬರ ಗಂಡ ಎಲ್ಲಿದ್ದೀಯೋ, ಪೋಂ ಪೋಂ ಪೋಂ
ಒಬ್ಬಳ ಹಿಂದೇ ಸುತ್ತುತ್ತೀಯೋ, ಪೋಂ ಪೋಂ ಪೋಂ
ಚೆಲುವಮ್ಮಂಗೆ ಟೈರು ಹೋದ್ರೆ ಸ್ಟೆಪ್ನಿ ಉಂಟು ಹಿಂದೆ
ಜಯಮ್ಮಂಗೆ ನೀ ಇಲ್ದಿದ್ರೆ ಯಾರು ಉಂಟು ಮುಂದೆ

ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಪದದಲ್ಲಿ ನಡೆಯುತ್ತದೆಂದು ಸಮಾಧಾನ ಮಾಡಿಕೊಂಡೆ. ಬಾಷಣ್ಣ ನಗಲಿಲ್ಲ. ಒಂದು ಸಲ ತಾವೇ ಗುನುಗಿ ಬಾಯಿಪಾಠ ಮಾಡಿಕೊಂಡು, ‘ತಲುಪಿಸ್ತೀನಿ ತಂಗಿ’ ಎಂದು ಹೋದರು.

ತಲುಪಿಸಲು ಅವರು ಹಿಡಿದ ದಾರಿ ನನಗೆ ತಿಳಿದಿರಲಿಲ್ಲ. ರಾಮಣ್ಣ ಯಾವ ರಸ್ತೆಯಲ್ಲಿ ಸಿಗುತ್ತಾನೋ ಎಂದು, ಎದುರಾದ ಪ್ರತಿಯೊಬ್ಬ ಡ್ರೈವರಿಗೂ ಅದನ್ನು ಕಲಿಸಿಬಿಟ್ಟಿದ್ದರು. ಕೆಲವು ವಾರಗಳಲ್ಲಿ ಪದ ಗಂಡನನ್ನು ಕರೆತರುವ ಬದಲು ತಾನೇ ನೆಲಮಂಗಲಕ್ಕೆ ಬಂತು. ಮನೆ ಮುಂದೆ ಹಾದುಹೋದ ಲಾರಿಯೊಂದರಿಂದ ಅದು ಕೇಳಿಸಿದಾಗ ಅತ್ತೆ ಕಾಳು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. ‘ಯಾವ ಗಂಡುಬೀರಿ ಕಟ್ಟಿದ್ಳೋ ಇದ್ನ! ಗಂಡನ್ನ ನೀನು ಅಂತಾಳೆ!’ ಎಂದರು. ನಾನು ‘ಹೂಂ ಅತ್ತೆ, ಕಾಲ ಕೆಟ್ಟೋಯ್ತು’ ಎಂದೆ. ಅವರು ನನ್ನ ಮುಖವನ್ನೇ ನೋಡಿ ಹೇಳಿದರು: ‘ಕಟ್ಟಿದ್ದು ಕಟ್ಟಿದ್ಳು, ಅತ್ತೆ ದಾರಿ ಕಾಯ್ತಾವ್ಳೆ ಅಂತ ಒಂದ್ ಸಾಲು ಸೇರಿಸ್ಬಾರ್ದಿತ್ತಾ.’ ನಾವಿಬ್ಬರೂ ತಲೆ ಬಗ್ಗಿಸಿಕೊಂಡು ಕಾಳು ಬಿಡಿಸಿದೆವು.

ಅವರು ಬಂದದ್ದು ಒಂದು ಮಧ್ಯಾಹ್ನ. ನಾನು ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ತಲೆಯ ತುಂಬ ಹೊಟ್ಟು. ಕಾಯುವಾಗ ದಿನವೂ ತಲೆ ಬಾಚಿ ಹೂ ಮುಡಿದಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಸೊರಗಿದ್ದರು, ಗಡ್ಡ ಬಿಟ್ಟಿದ್ದರು. ಹೇಳಬೇಕೆಂದು ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬಾರದೆ ‘ಕಾಲು ತೊಳ್ಕೊಳ್ಳಿ’ ಎಂದೆ.

ಉಂಡ ಮೇಲೆ ಅವರೇ ಹೇಳಿದರು. ಸತಾರದ ಆಚೆ ಘಾಟಿಯಲ್ಲಿ ಲಾರಿ ಕೆಟ್ಟು ನಿಂತಿತ್ತಂತೆ. ಸಹಾಯಕ್ಕೆ ನಿಲ್ಲಿಸಿದ ಪಂಜಾಬಿ ಡ್ರೈವರೊಬ್ಬ ನಟ್ಟು ಬಿಗಿಯುತ್ತ ಏನೋ ಗುನುಗುತ್ತಿದ್ದ. ಕನ್ನಡ ಅವನ ಬಾಯಲ್ಲಿ ನುಚ್ಚುನೂರಾಗಿತ್ತು. ‘ಜಯಮ್ಮಂಗೆ ನೀ ಇಲ್ದಿದ್ರೆ’ ಎಂಬುದೊಂದು ನೆಟ್ಟಗಿತ್ತು. ‘ಇದರ ಅರ್ಥ ಗೊತ್ತಾ ಸರ್ದಾರ್‌ಜಿ ಅಂದೆ. ಗೊತ್ತಿಲ್ಲ ಭಾಯಿ, ಆದ್ರೆ ಹಾಡಿದ್ರೆ ಮನೆ ಜ್ಞಾಪಕ ಬತ್ತದೆ ಅಂದ. ಇನ್ನೊಂದ್ ಸಲ ಹಾಡಿಸ್ದೆ. ಆಮೇಲೆ ಲಾರಿ ಹಿಂದೆ ಹೋಗಿ ಮುಖ ತೊಳ್ಕೊಂಡೆ’ ಎಂದರು. ಮುಂದಿನ ಲೋಡಿಗೆ ಒಲ್ಲೆನೆಂದು ಹೇಳಿ, ನೇರ ಮನೆಗೆ ಬಂದಿದ್ದರು. ನಾನು ಬಾಯ್ತುಂಬ ನಕ್ಕೆ, ಹಲ್ಲಿನ ಯೋಚನೆಯೇ ಇಲ್ಲದೆ. ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡೆ.

ಆಮೇಲೆ ಅವರು ದೂರದ ಲೋಡು ಬಿಟ್ಟು ಬೆಂಗಳೂರಿಗೆ ಇಟ್ಟಿಗೆ ಹೊಡೆಯುವ ಲಾರಿಗೆ ಸೇರಿಕೊಂಡರು. ಸಂಜೆಯಾದರೆ ಮನೆಯಲ್ಲಿ. ಮೊದಮೊದಲು ಅದು ಹಬ್ಬವಾಗಿತ್ತು. ಆಮೇಲೆ ಅವರು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, ಒಗ್ಗರಣೆ ಸೀಯಿತು, ಹುರುಳಿ ಬೇಯಲಿಲ್ಲ, ಹುಬ್ಬಳ್ಳಿಯ ಖಾನಾವಳಿಯಲ್ಲಿ ಹೀಗೆ ಮಾಡುವುದಿಲ್ಲ ಎಂದು ಹೇಳತೊಡಗಿದರು. ನನಗೋ, ಯಾರೂ ಬಾರದ ರಸ್ತೆಯನ್ನು ನೋಡುತ್ತ ಕಾಫಿ ಆರಿಸಿಕೊಳ್ಳುತ್ತಿದ್ದ ಆ ಸಂಜೆಗಳೇ ನೆನಪಾಗುತ್ತಿದ್ದವು. ಆಗ ನನ್ನ ಮನಸ್ಸಿನೊಳಗೆ ಓಡಾಡುತ್ತಿದ್ದ ಯಜಮಾನರು ಅಡುಗೆಯ ಬಗ್ಗೆ ತುಟಿ ಎರಡು ಮಾಡಿದವರಲ್ಲ. ಒಂದು ದಿನ ಸಾರಿಗೆ ಹುಣಸೆ ಜಾಸ್ತಿಯಾಯಿತೆಂದು ಅವರು ಮೂರನೆಯ ಸಲ ಹೇಳಿದಾಗ, ಸೌಟು ಕೆಳಗಿಟ್ಟು, ಆದಷ್ಟು ಮೆತ್ತಗೆ ಕೇಳಿದೆ: ‘ಅಲ್ಲ, ಈಗೀಗ ಬೊಂಬಾಯಿ ಕಡೆ ಲೋಡು ಯಾವ್ದೂ ಸಿಗ್ತಾ ಇಲ್ವೇ?’