ರಿಪೇರಿಯಾದ ಜೋಗುಳ

ರಜೆಯ ದಿನ ಮಗುವನ್ನು ಮಲಗಿಸಲೆಂದು ಇಸ್ತ್ರಿ ಅಂಗಡಿಯವನು ಯುಕುಲೆಲಿ ಎತ್ತಿಕೊಂಡ. ಒಂದು ಬಿರಡೆ ಸರ್ರನೆ ತಿರುಗಿ ತಂತಿ ಜೋತುಬಿತ್ತು.

ಗಿಟಾರಿನ ಬಡ ತಮ್ಮನಂತಿದ್ದ ಆ ನಾಲ್ಕು ತಂತಿಯ ವಾದ್ಯ ಹಳೇ ಸಾಮಾನಿನ ಅಂಗಡಿಯದು. ಅದನ್ನು ಬಾರಿಸುತ್ತ ಅವನು ಕೋಣೆಯಲ್ಲಿ ಓಲಾಡಿಕೊಂಡು ನಡೆದರೆ ಮಗು ಕಣ್ಣು ಮುಚ್ಚುತ್ತಿತ್ತು. ಮನೆಯಲ್ಲಿ ಅವನಿಗಿದ್ದ ಮರ್ಯಾದೆ ಅದೊಂದೇ.

"ನಂಗೆ ರಾತ್ರಿ ಡ್ಯೂಟಿ. ಊಟ ಆದ್ಮೇಲೆ ನಿದ್ದೆ ಮಾಡ್ಲೇಬೇಕು," ಅಂದಳು ನರ್ಸ್ ಹೆಂಡತಿ. "ಅಷ್ಟರೊಳಗೆ ಸರಿಮಾಡ್ಕೊಳ್ಳಿ."

ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ಕೂತದ್ದೇ ತಪ್ಪಾಯಿತು. ಬಾನೆಟ್ ತೆರೆದ ಕಾರು ಕಂಡ ದಾರಿಹೋಕನಂತೆ ಪಕ್ಕದ ಮನೆಯ ಬಡಗಿ ಬಂದು ನಿಂತ.

"ಬಿರಡೆ ಬಿಡೋ, ಸ್ಕ್ರೂ ಬಿಗಿ ಮಾಡಿದ್ರೆ ಮುಗೀತು. ಆದ್ರೆ ತಂತಿ ಕೆಳಗೆ ಈ ಪ್ಲಾಸ್ಟಿಕ್ ಪಟ್ಟಿ ಇಟ್ಕೊಂಡು ನಾದ ಬಾ ಅಂದ್ರೆ ಬರುತ್ತಾ?" ಎಂದು ತಂತಿಗಳನ್ನೆಲ್ಲ ಬಿಚ್ಚಿ, ಮೂಳೆಯ ತುಂಡೊಂದನ್ನು ಉಜ್ಜತೊಡಗಿದ.

ಮಹಡಿಯಿಂದ ಬ್ಯಾಂಡ್ ಮೇಷ್ಟ್ರು ಹೊಸ ತಂತಿ ಸಮೇತ ಇಳಿದುಬಂದರು. "ಇವನ್ನ ಹಾಕಪ್ಪ. ದಿನಾ ನನ್ನ ಕಾಲಡಿ ಆ ಸದ್ದು ಕೇಳಿ ಕಿವಿ ತುಕ್ಕು ಹಿಡಿದಿದೆ."

ಅವರು ವಾದ್ಯವನ್ನು ಅಲ್ಲಾಡಿಸಿದರು. ಗರಗರ ಅಂದಿತು. ತಲೆಕೆಳಗು ಮಾಡಿದರೆ ಯಾವುದೋ ಕೋಟಿನ ಗುಂಡಿ ಉದುರಿತು.

"ನೋಡು, ರೋಗ ಇಲ್ಲೇ ಇತ್ತು."

ಗುಂಡಿ ಕಂಡರೆ ಬಿಡದ ಅವನ ಅತ್ತೆ ಒಳಗಿನಿಂದ ಬಂದು ಅದನ್ನೆತ್ತಿ ಖಾಲಿ ಪೌಡರ್ ಡಬ್ಬಿಗೆ ಹಾಕಿಕೊಂಡರು.

ಹೊಸ ತಂತಿಗಳು ಬಿಗಿ ಮಾಡಿದಷ್ಟೂ ಹಿಗ್ಗಿ ಶ್ರುತಿ ತಪ್ಪುತ್ತಿದ್ದವು. ಹೆಂಡತಿ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಅಂತೂ ಹದಕ್ಕೆ ಬಂದವು. ಅವನು ಬಾರಿಸಿದ. ಬಡಗಿ ತಲೆದೂಗಿದ. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಮಗು ಕಿಟಾರನೆ ಕಿರುಚಿತು.

ನಿಧಾನವಾಗಿ ಬಾರಿಸಿದ. ಜೋರಾಗಿ ಬಾರಿಸಿದ. ಮಗು ಕುಕ್ಕರಿನಂತೆ ಕೂಗುತ್ತಲೇ ಇತ್ತು. ಹೆಂಡತಿ ಹಾಸಿಗೆಯಿಂದ ಎದ್ದು ಕೂತಳು.

"ಏನ್ರೀ ಮಾಡಿದ್ರಿ ಅದಕ್ಕೆ?"

"ಸುಧಾರಿಸಿದ್ವಿ ಕಣೇ."

ಅಷ್ಟರಲ್ಲಿ ಅತ್ತೆ ಡಬ್ಬಿ ಎತ್ತಿಡಲು ಬಂದರು. ಗರಗರ. ಮಗು ಥಟ್ಟನೆ ಸುಮ್ಮನಾಯಿತು. ಅತ್ತೆ ಇನ್ನೊಮ್ಮೆ ಅಲ್ಲಾಡಿಸಿದರು. ಮಗು ಹೆಬ್ಬೆರಳು ಬಾಯಿಗಿಟ್ಟು ರೆಪ್ಪೆ ಇಳಿಸಿತು.

"ಅಂದ್ರೆ ಇಷ್ಟು ದಿನ ಮಲಗಿಸ್ತಿದ್ದದ್ದು ಗುಂಡಿನಾ?" ಅಂದಳು ಹೆಂಡತಿ.

ಬಡಗಿಗೆ ಅಂಗಡಿಯ ಕೆಲಸ ನೆನಪಾಯಿತು. ಮೇಷ್ಟ್ರು ಮಹಡಿ ಹತ್ತಿದರು.

ಅವನು ಮೆಲ್ಲಗೆ ಗುಂಡಿಯನ್ನು ಯುಕುಲೆಲಿಯೊಳಕ್ಕೆ ವಾಪಸು ಹಾಕಲು ಹೋದ. ಅತ್ತೆ ಕೈ ಹಿಡಿದರು.

"ಬೇಡಿ ಅಳಿಯಂದ್ರೇ. ಈಗ ತಂತಿ ಸದ್ದು ಚೆನ್ನಾಗಿ ಕೇಳ್ಸುತ್ತೆ, ಮಗು ಎದ್ದುಬಿಡುತ್ತೆ."

ಯುಕುಲೆಲಿ ಗೋಡೆಯ ಮೊಳೆ ಸೇರಿತು. ಡಬ್ಬಿ ಅವನ ಕೈ ಸೇರಿತು. ನಿಲ್ಲಿಸಿದರೆ ಮಗು ಒಂದು ಕಣ್ಣು ತೆರೆಯುತ್ತಿತ್ತು, ಹೆಂಡತಿ ಎರಡೂ. ಅಲ್ಲಾಡಿಸುತ್ತ ಅವನು ಕಿಟಕಿಯ ಬಳಿ ಬಂದಾಗ ಮೇಲಿನಿಂದ ಮೇಷ್ಟ್ರ ಪಿಸುದನಿ ಇಳಿದುಬಂತು.

"ತಾಳ ತಪ್ತಿದೆಯಪ್ಪ."